ಸ್ಪ್ರಿಂಗ್ ಅದುಮುವ ಹುದ್ದೆ

ಇಂದ:
ಸ್ಪ್ರಿಂಗ್ ಅದುಮುವವನು
(ಗಿರಾಕಿಗಳ ಬಾಯಲ್ಲಿ ‘ಗುಂಡುಕಲ್ಲು’),
ಟ್ರಾಕ್ಟರ್ ರಿಪೇರಿ ಶೆಡ್ಡು, ಹಿಂಬದಿಯ ಮೇಜು.

ಗೆ:
ಮಾಲೀಕರು, ಹಿರಿಯ ಮೆಕ್ಯಾನಿಕ್ಕರು ಹಾಗೂ ಅರ್ಜಿದಾರನ ಭಾವನವರು,
ಅದೇ ಶೆಡ್ಡು, ಮುಂಬದಿಯ ಮೇಜು.

ಸೂಕ್ತ ಮಾರ್ಗ:
ಅರ್ಜಿದಾರನ ಅಕ್ಕನವರು ಹಾಗೂ ಮಾಲೀಕರ ಹೆಂಡತಿಯವರು,
ಶೆಡ್ಡಿನ ಹಿಂದಿನ ಮನೆ, ಅಡುಗೆಮನೆ — ಇವರ ಮೂಲಕ.

ವಿಷಯ: ವಾಲ್ವ್ ಸ್ಪ್ರಿಂಗ್ ಅದುಮುವ ಟೂಲನ್ನು ಆರಿಸಿದ ಬಗ್ಗೆ, ಅದರಿಂದ ಅರ್ಜಿದಾರನ ಹುದ್ದೆ ಇಲ್ಲವಾಗುವ ಬಗ್ಗೆ, ಹಾಗೂ ಅವನನ್ನು ಚಿಕ್ಕಪ್ಪನ ಹಿಟ್ಟಿನ ಗಿರಣಿಗೆ ಸಾಗಹಾಕದಿರುವ ಬಗ್ಗೆ.

ಉಲ್ಲೇಖ:
೧. ಊಟದ ತಟ್ಟೆಯ ಮುಂದೆ ಕುಳಿತು ತಾವು ನೀಡಿದ ಮೌಖಿಕ ಆದೇಶ.
೨. ಅದೇ ತಟ್ಟೆಯನ್ನು ಎತ್ತುವಾಗ ಅಕ್ಕನವರು ಸಲ್ಲಿಸಿದ ಮೌಖಿಕ ಆಕ್ಷೇಪಣೆ.

ಮಾನ್ಯ ಭಾವನವರೇ,

ಮೊದಲ ಮಳೆ ಬಿದ್ದು ನೆಲ ಹದಕ್ಕೆ ಬಂದಿದೆ. ಬೇಸಿಗೆಯಿಡೀ ನಿದ್ದೆ ಹೊಡೆದ ಟ್ರಾಕ್ಟರುಗಳೆಲ್ಲ ಒಂದೇ ಸಲ ಎಚ್ಚೆತ್ತು, ಕೆಮ್ಮುತ್ತ, ಹೊಗೆ ಕಾರುತ್ತ ನಮ್ಮ ಶೆಡ್ಡಿನ ಮುಂದೆ ಸಾಲುಗಟ್ಟಿರುವುದು ತಮಗೆ ತಿಳಿದ ವಿಷಯ. ತಾವು ಬೆಳಿಗ್ಗೆಯೇ ಡೀಸೆಲ್ ಪಂಪಿನ ಸಾಮಾನು ತರಲು ಪೇಟೆಗೆ ಹೋಗಿದ್ದೀರಿ. ಇತ್ತ ಅರ್ಜಿದಾರನ ಒಂದು ಕೈ ಗ್ರೀಸಿನಲ್ಲಿಯೂ ಇನ್ನೊಂದು ಕೈ ಪೆನ್ನಿನಲ್ಲಿಯೂ ಇದೆ. ಅಕ್ಷರ ಜಾರಿದ್ದಲ್ಲಿ ಕ್ಷಮಿಸುವುದು.

ಒಂದೇ ಮನೆಯಲ್ಲಿ ಉಂಡು ಮಲಗುವವನು ಅರ್ಜಿ ಏಕೆ ಬರೆದನೆಂಬ ಪ್ರಶ್ನೆ ಏಳಬಹುದು. ಈ ಬಗ್ಗೆ ಬಾಯಿಬಿಟ್ಟಾಗ ತಾವು, “ಬಾಯಲ್ಲಿ ಹೇಳಬೇಡ. ನೀನು ಬಾಯಿ ತೆಗೆದ್ರೆ ನನಗೆ ನಗು ಬರುತ್ತೆ, ನನ್ನ ನೋಡಿ ನಿನಗೆ ನಗು ಬರುತ್ತೆ, ಕೆಲಸ ಅಲ್ಲಿಗೇ ನಿಲ್ಲುತ್ತೆ. ಬರೆದು ಕೊಡು,” ಎಂದು ಅಪ್ಪಣೆ ಕೊಡಿಸಿದ್ದೀರಿ. ಆದ್ದರಿಂದ ಈ ಅರ್ಜಿ.

೧. ಅರ್ಜಿದಾರನ ಹುದ್ದೆ ಯಾವ ಕಾಗದದಲ್ಲೂ ಇಲ್ಲದಿರುವ ಕಾರಣ ಅದನ್ನು ಮೊದಲು ವಿವರಿಸಬೇಕಾಗಿದೆ. ಇಂಜಿನ್ನಿನ ನೆತ್ತಿಗೆ ಮುಚ್ಚಳದಂತೆ ಕೂರುವ ಹೆಡ್ಡಿನಲ್ಲಿ, ಗಾಳಿಯನ್ನು ಒಳಗೂ ಹೊಗೆಯನ್ನು ಹೊರಗೂ ಬಿಡುವ ವಾಲ್ವುಗಳಿರುತ್ತವೆ. ಒಂದೊಂದು ವಾಲ್ವನ್ನೂ ಒಂದು ಬಿಗಿಯಾದ ಸ್ಪ್ರಿಂಗು ಮೇಲಕ್ಕೆ ಎಳೆದು ಹಿಡಿದಿರುತ್ತದೆ. ಸ್ಪ್ರಿಂಗಿನ ನೆತ್ತಿಗೆ ಒಂದು ಬಿಲ್ಲೆ, ಬಿಲ್ಲೆಯ ನಡುವೆ ವಾಲ್ವಿನ ಕಡ್ಡಿ, ಆ ಕಡ್ಡಿಯ ಕುತ್ತಿಗೆಗೆ ಎರಡು ಕಡೆಯಿಂದ ಆತುಕೊಂಡ ಉಗುರಿನಷ್ಟು ಸಣ್ಣ ಲಾಕುಗಳು. ಲಾಕು ಹೊರಬರಬೇಕಾದರೆ ಸ್ಪ್ರಿಂಗನ್ನು ಯಾರಾದರೂ ಕೆಳಕ್ಕೆ ಅದುಮಿ ಹಿಡಿಯಬೇಕು. ಆ ‘ಯಾರಾದರೂ’ ಎಂಬವನೇ ಅರ್ಜಿದಾರ. ಪಕ್ಕಕ್ಕೆ ಕಿಟಕಿ ಕೊರೆದ ಒಂದು ಪೈಪನ್ನು ಬಿಲ್ಲೆಯ ಮೇಲಿಟ್ಟು, ಪೈಪಿನ ಅಡ್ಡಹಿಡಿಯ ಮೇಲೆ ಅವನು ಎದೆಯನ್ನೂ ಹೊಟ್ಟೆಯನ್ನೂ ಊರುತ್ತಾನೆ. ತಾವು ಆ ಕಿಟಕಿಯೊಳಗೆ ಚಿಮುಟ ಹಾಕಿ ಲಾಕು ತೆಗೆಯುತ್ತೀರಿ. ಬಿಚ್ಚುವಾಗ ಒಮ್ಮೆ, ಕೂರಿಸುವಾಗ ಒಮ್ಮೆ. ಅಕ್ಕನವರ ಮದುವೆಯಾದ ಮರುವರ್ಷ ಅವರನ್ನು ನೋಡಿ ಹೋಗಲು ಬಂದವನನ್ನು ತಾವು, “ಒಂದು ನಿಮಿಷ ಇಲ್ಲಿ ಸ್ವಲ್ಪ ಭಾರ ಹಾಕು,” ಎಂದು ಕರೆದಿರಿ. ಆ ನಿಮಿಷ ಇನ್ನೂ ಮುಗಿದಿಲ್ಲ.

೨. ಸದರಿ ಸೇವೆಯಲ್ಲಿ ಅರ್ಜಿದಾರನಿಂದ ಆದ ಲೋಪ ಒಂದೇ. ಅದೂ ಹೋದ ವಾರದ್ದು. ಆ ದಿನ ಟ್ರಾಕ್ಟರಿನ ಯಜಮಾನರು ಪಕ್ಕದಲ್ಲಿಯೇ ಸ್ಟೂಲು ಹಾಕಿಕೊಂಡು, ಸಿಗರೇಟು ಹಚ್ಚಿಕೊಂಡು, “ಇದು ಬರೀ ಟ್ರಾಕ್ಟರ್ ಅಲ್ಲ, ನನ್ನ ಮಗ ಇದ್ದ ಹಾಗೆ. ನಿಧಾನಕ್ಕೆ ಬಿಚ್ಚಿ,” ಎಂದರು. ಅರ್ಜಿದಾರನು ಪೂರ್ತಿ ಭಾರ ಬಿಟ್ಟು ಮಲಗಿದ್ದನು. ತಮ್ಮ ಚಿಮುಟದ ತುದಿಯಲ್ಲಿ ಲಾಕಿತ್ತು. ಆ ಹೊತ್ತಿನಲ್ಲಿ ತಾವು ತಲೆಯೆತ್ತದೆ, “ಅದಕ್ಕೇ ಯಜಮಾನರೇ, ಈ ಹೊಗೆ ಬಿಡೋ ಅಭ್ಯಾಸ ಎಲ್ಲಿಂದ ಬಂತು ಅಂತ ನೋಡ್ತಿದ್ದೆ,” ಎಂದಿರಿ.

ಅರ್ಜಿದಾರನು ನಕ್ಕನು. ಅವನು ನಕ್ಕರೆ ಬಾಯಿ ಮಾತ್ರ ನಗುವುದಿಲ್ಲವೆಂಬುದು ಊರಿಗೇ ಗೊತ್ತು. ಹೊಟ್ಟೆ ಕುಲುಕಿ ಪೈಪು ವಾಲಿತು, ಸ್ಪ್ರಿಂಗು ಚಿಮ್ಮಿತು, ಲಾಕು ಎತ್ತಲೋ ಹಾರಿತು. ಮೂವರೂ ಮೊಣಕಾಲೂರಿ, ಅಯಸ್ಕಾಂತ ಹಿಡಿದು, ಕತ್ತಲಾಗುವವರೆಗೆ ನೆಲ ನೆಕ್ಕುವುದೊಂದು ಬಾಕಿ ಇಟ್ಟು ಹುಡುಕಿದೆವು. ಹದ ಬಂದ ಹೊಲ ಕಾಯುತ್ತಿರುವಾಗ ಟ್ರಾಕ್ಟರು ಶೆಡ್ಡಿನಲ್ಲೇ ನಿಂತಿತು. ಮರುದಿನ ಯಜಮಾನರು ಸಿಗರೇಟು ತೆಗೆಯಲು ಅಂಗಿಯ ಜೇಬಿಗೆ ಕೈಹಾಕಿದಾಗ ಲಾಕು ಬೆರಳಿಗೆ ಸಿಕ್ಕಿತು. ಅದನ್ನು ತಮ್ಮ ಕೈಗಿಡುತ್ತ ಅವರು ಹೇಳಿದ ಮಾತೇ ಈಗಿನ ಎಲ್ಲ ತಾಪತ್ರಯಕ್ಕೂ ಮೂಲ: “ಈ ಭಾವಮೈದನ ಬದಲು ಒಂದು ಟೂಲ್ ಇಡಿ. ಅದು ನಗೋದಿಲ್ಲ.”

೩. ಅಂದೇ ರಾತ್ರಿಯ ಊಟದಲ್ಲಿ ಉಲ್ಲೇಖ ೧ರ ಆದೇಶ ಹೊರಬಿತ್ತು. ಅದರ ಸಾರಾಂಶ: ಟೂಲು ಕೊಳ್ಳತಕ್ಕದ್ದು, ಸ್ಪ್ರಿಂಗಿನ ಗುಣ ಅರ್ಜಿದಾರನ ಹೊಟ್ಟೆಗೆ ಗೊತ್ತಿರುವುದರಿಂದ ಅವನೇ ಹೋಗಿ ಆರಿಸತಕ್ಕದ್ದು, ಟೂಲು ಬಂದ ಮೇಲೆ, ಚಿಕ್ಕಪ್ಪನ ಗಿರಣಿಯಲ್ಲಿ ಮೂಟೆ ಎತ್ತಲು ಆಳು ಬೇಕಾಗಿರುವುದರಿಂದ ಅವನು ಅಲ್ಲಿಗೆ ಹೊರಡತಕ್ಕದ್ದು. ಉಲ್ಲೇಖ ೨ರ ಆಕ್ಷೇಪಣೆಯಲ್ಲಿ ಅಕ್ಕನವರು, “ರೀ, ನಗಿಸಿದವರು ಯಾರು ಅಂತ ಮೊದಲು ತೀರ್ಮಾನ ಆಗ್ಲಿ,” ಎಂದರು. ತಾವು ಕೈ ತೊಳೆಯಲು ಎದ್ದು ಹೋದಿರಿ. ಸದರಿ ಆಕ್ಷೇಪಣೆ ಇನ್ನೂ ಇತ್ಯರ್ಥವಾಗಿಲ್ಲ.

೪. ಆದೇಶದಂತೆ ಅರ್ಜಿದಾರನು ಬಾಗಿಲ ಬಳಿ ಕೂರಲು ಬಳಸುವ ಬಿರುಕು ಬಿಟ್ಟ ಹಳೆಯ ಹೆಡ್ಡನ್ನು ಅಳತೆಗೆಂದು ಎತ್ತಿಕೊಂಡು ಪೇಟೆಯ ಟೂಲಿನ ಅಂಗಡಿಗೆ ಹೊರಟನು. ಬಸ್ಸಿನಲ್ಲಿ ಕಂಡಕ್ಟರ್, “ಏನ್ರಿ ಇದು, ಇದಕ್ಕೂ ಟಿಕೆಟ್ ತಗೊಳ್ಳಿ,” ಎಂದರು. “ತೊಡೆ ಮೇಲೆ ಕೂತಿದೆಯಲ್ಲ ಸಾರ್,” ಎಂದು ಅರ್ಜಿದಾರನು ಸಮಜಾಯಿಷಿ ನೀಡಿದನು. “ನಿಮ್ಮ ತೊಡೆ ಮೇಲೆ ಇನ್ನೂ ಇಬ್ಬರು ಕೂರಬಹುದು. ಅದಕ್ಕೇನು ಮಾಡೋಣ?” ಎಂದರೂ ಅವರು ಟಿಕೆಟು ಹರಿಯಲಿಲ್ಲ.

ಅಂಗಡಿಯಲ್ಲಿ ಮೂರು ನಮೂನೆಯ ಟೂಲುಗಳಿದ್ದವು. ಅರ್ಜಿದಾರನು ಮೂರನ್ನೂ ಮುಟ್ಟಿ, ತಿರುಗಿಸಿ, ಮೂಗು ಮುರಿದು, ಯಾವುದೂ ಸರಿಯಿಲ್ಲವೆಂದು ಹೆಡ್ಡನ್ನು ಹೊತ್ತುಕೊಂಡು ವಾಪಸು ಬಂದನು. ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದ ಅಕ್ಕನವರು ತಡೆದು ವಿಚಾರಣೆ ನಡೆಸಿದರು.

“ಏನೋ, ಮೂರೂ ಸರಿಯಿಲ್ವಾ?”

“ಇಲ್ಲ ಅಕ್ಕ. ಒಂದು ಗಿಡ್ಡ, ಒಂದು ಸಡಿಲ, ಒಂದು ನಿಧಾನ.”

“ಸ್ಕೂಲಿಗೆ ಹೋಗು ಅಂದಾಗ್ಲೂ ಹೀಗೇ ಅಂತಿದ್ದೆ. ಇದ್ದ ಮೂರು ಚಡ್ಡಿನೂ ಸರಿಯಿಲ್ಲ ಅಂತ. ಚಡ್ಡಿ ನೆಟ್ಟಗೇ ಇದ್ವು. ನಿನಗೆ ಹೋಗೋಕೆ ಭಯ ಇತ್ತು.”

ಕೈಯಲ್ಲಿ ಹೆಡ್ಡಿದ್ದ ಕಾರಣ ಅರ್ಜಿದಾರನಿಗೆ ಮುಖ ಮುಚ್ಚಿಕೊಳ್ಳಲು ಆಗಲಿಲ್ಲ. ಅಕ್ಕನವರು ಒದ್ದೆ ಬಟ್ಟೆಯನ್ನು ಹಗ್ಗದ ಮೇಲೆ ಹರವುತ್ತ, “ಸುಳ್ಳು ಹೇಳಿ ಉಳಿದ್ರೆ ದಿನಾ ಸುಳ್ಳು ಹೇಳ್ತಾನೇ ಇರಬೇಕು. ನಾಳೆ ಹೋಗಿ ಸರಿಯಾಗಿ ನೋಡ್ಕೊಂಡು ಬಾ,” ಎಂದರು. ಅಂದು ರಾತ್ರಿ ಅರ್ಜಿದಾರನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಇದನ್ನು ತಾವೂ ಗಮನಿಸಿ, ಹೊಟ್ಟೆ ಕೆಟ್ಟಿದೆಯೇ ಎಂದು ಕೇಳಿದ್ದೀರಿ.

೫. ಮರುದಿನ, ಅಂದರೆ ನಿನ್ನೆ, ಅರ್ಜಿದಾರನು ಮತ್ತೆ ಹೋಗಿ ನಿಷ್ಪಕ್ಷಪಾತವಾಗಿ ಪರೀಕ್ಷಿಸಿದ ವಿವರ:

(ಅ) ಸನ್ನೆಕೋಲಿನಂಥದ್ದು. ಒಂದು ತುದಿಯನ್ನು ಹೆಡ್ಡಿನ ಬೋಲ್ಟಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಕೈಯಿಂದ ಒತ್ತಬೇಕು. ಹೆಡ್ಡನ್ನು ಇಂಜಿನ್ನಿನಿಂದ ಇಳಿಸದೆಯೂ ಇದನ್ನು ಬಳಸಬಹುದೆಂಬುದು ದೊಡ್ಡ ಅನುಕೂಲ. ಆದರೆ ಒತ್ತಿದ ಕೈಯನ್ನು ಬಿಡುವಂತಿಲ್ಲ. ಅಂದರೆ ಲಾಕು ತೆಗೆಯಲು ಇನ್ನೊಬ್ಬ ಬೇಕೇ ಬೇಕು. ಇದನ್ನು ಆರಿಸಿದ್ದಲ್ಲಿ ಅರ್ಜಿದಾರನ ಹುದ್ದೆ ಇದ್ದಂತೆಯೇ ಉಳಿಯುತ್ತಿತ್ತು. ಈ ಆಲೋಚನೆ ಅವನಿಗೆ ಬರಲಿಲ್ಲವೆಂದು ಹೇಳಲಾಗದು.

(ಆ) ಎರಡು ಕೊಕ್ಕೆಗಳಿಂದ ಸ್ಪ್ರಿಂಗಿನ ಸುತ್ತುಗಳನ್ನು ಹಿಡಿದು, ನಡುವಿನ ಸ್ಕ್ರೂ ತಿರುಗಿಸಿ ಬಿಗಿಯುವಂಥದ್ದು. ನಮ್ಮ ಟ್ರಾಕ್ಟರಿನ ದಪ್ಪ ಸ್ಪ್ರಿಂಗಿಗೆ ಕೊಕ್ಕೆ ಜಾರುತ್ತದೆ. ತಿರುಗಿಸುವಷ್ಟರಲ್ಲಿ ಬಿತ್ತನೆಯೇ ಮುಗಿದೀತು.

(ಇ) ದೊಡ್ಡ ಬಾಯಿಯ ಕ್ಲಾಂಪು. ಹೆಡ್ಡನ್ನು ಇಳಿಸಿ ಮೇಜಿನ ಮೇಲೆ ಇಟ್ಟುಕೊಳ್ಳಬೇಕು. ನಾವು ಹೇಗೂ ಹಾಗೇ ಮಾಡುವುದು. ಒಂದು ದವಡೆ ಕೆಳಗಿನಿಂದ ವಾಲ್ವಿನ ಮುಖಕ್ಕೆ, ಇನ್ನೊಂದು ಮೇಲಿನಿಂದ ಬಿಲ್ಲೆಗೆ. ಹಿಡಿಯನ್ನು ಮಡಚಿದರೆ ಸ್ಪ್ರಿಂಗು ತಗ್ಗಿ, ಟೂಲು ತಾನೇ ಬಿಗಿದು ನಿಲ್ಲುತ್ತದೆ. ಎರಡೂ ಕೈ ಖಾಲಿ. ಮೊದಲ ದಿನ ‘ಗಿಡ್ಡ’ ಎಂದು ದೂರಿದ್ದು ಇದನ್ನೇ. ಅಂದು ಅರ್ಜಿದಾರನು ಕಾರಿನ ಅಳತೆಯದನ್ನು ಬೇಕೆಂದೇ ಟ್ರಾಕ್ಟರಿನ ಹೆಡ್ಡಿಗೆ ಹಾಕಿದ್ದನು. ಉದ್ದ ತೋಳಿನದು ಅಟ್ಟದ ಮೇಲಿತ್ತು. ನಿನ್ನೆ ಕೇಳಿ ಇಳಿಸಿಕೊಂಡನು. ಹೆಡ್ಡಿನ ಒಳಸಾಲಿನ ವಾಲ್ವಿಗೂ ತೋಳು ಸಲೀಸಾಗಿ ತಲುಪಿತು. ಬಿಲ್ಲೆಗೆ ಕೂರುವ ಬಳೆ ಸರಿಯಳತೆಯದು. ಬಳೆಯ ಪಕ್ಕದಲ್ಲಿ ಬೆರಳು ಆಡುವಷ್ಟು ಜಾಗವೂ ಇದೆ.

ಅಂಗಡಿಯವರು ಇದನ್ನೆಲ್ಲ ನೋಡುತ್ತ, “ಇಷ್ಟು ದಿನ ಯಾರು ಅದುಮ್ತಿದ್ರು?” ಎಂದರು.

“ನಾನೇ.”

ಅವರು ಅರ್ಜಿದಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನಿಮ್ಮನ್ನ ತೆಗೆಯೋ ಟೂಲನ್ನ ನಿಮ್ಮ ಕೈಲೇ ಆರಿಸೋಕೆ ಕಳಿಸಿದಾರೆ. ನಿಮ್ಮ ಭಾವ ಭಾರೀ ಆಸಾಮಿ,” ಎಂದು ತಲೆದೂಗಿದರು.

ಮೇಲ್ಕಂಡ ಕಾರಣಗಳಿಂದ (ಇ) ಟೂಲನ್ನೇ ಆರಿಸಲಾಗಿದೆ. ಎರಡು ದಿನ ಬಳಸಿ ನೋಡಿ ತೀರ್ಮಾನಿಸಲು ಅವರು ಒಪ್ಪಿದ್ದು, ಹಳೆಯ ಹೆಡ್ಡನ್ನು ಒತ್ತೆಯಾಗಿ ಅಲ್ಲೇ ಬಿಟ್ಟು ಬರಲಾಗಿದೆ.

೬. ಇನ್ನು ಇಂದಿನ ವಿಷಯ. ತಾವು ನಾಳೆ ಬಿಚ್ಚೋಣವೆಂದು ಮೇಜಿನ ಕೆಳಗೆ ಇಟ್ಟಿದ್ದ ಗಿರಾಕಿಯ ಟ್ರಾಕ್ಟರಿನ ಹೆಡ್ಡನ್ನು, ತಮ್ಮ ಬಸ್ಸು ತಿರುವು ದಾಟಿದ ಕೂಡಲೇ ಅರ್ಜಿದಾರನು ಮೇಲೆತ್ತಿದನು. ಅನುಮತಿ ಪಡೆದಿಲ್ಲ. ಆರೂ ವಾಲ್ವುಗಳನ್ನು ಒಬ್ಬನೇ ಬಿಚ್ಚಿ, ಮಸಿ ಕೆರೆದು, ಅರೆಯುವ ಪೇಸ್ಟು ಹಚ್ಚಿ ಒಂದೊಂದನ್ನೂ ಅದು ಕೂರುವ ಸೀಟಿಗೆ ಉಜ್ಜಿ, ಒರೆಸಿ, ಲಾಕಿಗೆ ಗ್ರೀಸು ಅಂಟಿಸಿ ಕೂರಿಸಿದ್ದಾನೆ. ಎಲ್ಲಿ ಕಲಿತನೆಂದು ತಾವು ಕೇಳಬಹುದು. ಅದುಮುವವನ ಮೈಗೆ ಕೆಲಸವಿರುತ್ತದೆ, ಕಣ್ಣಿಗೆ ಇರುವುದಿಲ್ಲ. ಇಷ್ಟು ವರ್ಷವೂ ಆ ಪೈಪಿನ ಮೇಲೆ ಮಲಗಿ ಅವನು ನೋಡಿದ್ದು ತಮ್ಮ ಬೆರಳುಗಳನ್ನೇ. ಇತ್ತೀಚೆಗೆ ತಾವು ಕನ್ನಡಕ ಹುಡುಕುವ ಬೇಸರಕ್ಕೆ ಲಾಕನ್ನು ತಲೆಕೆಳಗಾಗಿ ಕೂರಿಸಿ, ಯಾರೂ ನೋಡಲಿಲ್ಲವೆಂದು ಮತ್ತೆ ತೆಗೆದದ್ದನ್ನು ಮಾತ್ರ ಅವನು ನೋಡಿಲ್ಲವೆಂದು ಈ ಮೂಲಕ ದೃಢೀಕರಿಸಲಾಗಿದೆ.

ನಡುವೆ ಟೀ ತಂದ ಅಕ್ಕನವರು ಟೂಲಿನ ಹಿಡಿಯನ್ನು ಒಂದೇ ಕೈಯಲ್ಲಿ ಮಡಚಿ, ಸ್ಪ್ರಿಂಗು ತಗ್ಗಿದ್ದನ್ನು ನೋಡಿ, “ಇಷ್ಟೇನಾ? ಇದಕ್ಕೆ ಇಷ್ಟು ವರ್ಷ ನಾನು ನಿನಗೆ ಮೂರು ಹೊತ್ತು ಹಾಕಿದ್ನಾ?” ಎಂದರು. ಇಬ್ಬರೂ ಮನಸಾರೆ ನಕ್ಕೆವು. ಟೂಲು ಅಲುಗಲಿಲ್ಲ.

೭. ಗಿರಣಿಯ ಬಗ್ಗೆ ಅರ್ಜಿದಾರನಿಗೆ ಅಗೌರವವಿಲ್ಲ. ಚಿಕ್ಕಪ್ಪನವರು ಒಳ್ಳೆಯವರು, ಮೂಟೆಗಳೂ ಒಳ್ಳೆಯವೇ. ಆದರೆ ಮೂಟೆ ಎತ್ತುವವನಿಗೆ ಮೂಟೆಯ ಒಳಗೇನಾಗುತ್ತದೆಂದು ನೋಡುವ ಕೆಲಸವಿಲ್ಲ. ಇಲ್ಲಿ, ಉಜ್ಜುತ್ತ ಉಜ್ಜುತ್ತ ವಾಲ್ವಿನ ಅಂಚಿನಲ್ಲಿ, ಸಂದಿಲ್ಲದೆ ಕೂತದ್ದಕ್ಕೆ ಗುರುತಾದ ಬೂದುಬಣ್ಣದ ಗೆರೆ ಒಂದು ಕಡೆಯೂ ಕಡಿಯದೆ ಸುತ್ತು ಪೂರ್ತಿ ಬಂದಾಗ, ಅರ್ಜಿದಾರನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದನು. ಅವನ ತೂಕವನ್ನು ಬಿಟ್ಟು ಬೇರೇನನ್ನೂ ಯಾರೂ ಇದುವರೆಗೆ ಕೆಲಸಕ್ಕೆ ಕರೆದಿರಲಿಲ್ಲ.

ಆದ್ದರಿಂದ ಮಾನ್ಯರು ದಯವಿಟ್ಟು ಸ್ಪ್ರಿಂಗ್ ಅದುಮುವ ಹುದ್ದೆಯನ್ನು ಇಂದಿನಿಂದಲೇ ರದ್ದುಪಡಿಸಿ, ಅದನ್ನು ಟೂಲಿಗೆ ವಹಿಸಿ, ಹೆಡ್ಡಿನ ಕೆಲಸವನ್ನು ಅರ್ಜಿದಾರನಿಗೆ ಕೊಡಬೇಕಾಗಿ ವಿನಂತಿ. ಇಂಜಿನ್ನಿನ ಉಳಿದೆಲ್ಲ ಭಾಗವೂ, ಗಿರಾಕಿಗಳನ್ನು ನಗಿಸುವ ಹೊಣೆಯೂ ಎಂದಿನಂತೆ ತಮ್ಮದೇ. ಒಂದು ವೇಳೆ ಕೆಲಸ ಸರಿಯಿಲ್ಲವೆಂದು ಕಂಡುಬಂದಲ್ಲಿ, ಅರ್ಜಿದಾರನು ಟೂಲನ್ನು ಅಂಗಡಿಗೆ ತಲುಪಿಸಿ, ಒತ್ತೆಯಿಟ್ಟ ಹೆಡ್ಡನ್ನು ಬಿಡಿಸಿ ತಂದು ಬಾಗಿಲ ಬಳಿ ಮೊದಲಿನ ಜಾಗದಲ್ಲಿಟ್ಟು, ಅಲ್ಲಿಂದಲೇ ಗಿರಣಿಯ ಬಸ್ಸು ಹತ್ತುತ್ತಾನೆ.

ಇಂತು ತಮ್ಮಲ್ಲಿ ಇನ್ನೂ ವಿಶ್ವಾಸವಿಟ್ಟಿರುವ,
ಸ್ಪ್ರಿಂಗ್ ಅದುಮುತ್ತಿದ್ದವನು

ಅಡಕ:
೧. ದೊಡ್ಡ ಬಾಯಿಯ ಕ್ಲಾಂಪು, ಒಂದು. ಹಿಂಬದಿಯ ಮೇಜಿನ ಮೇಲಿದೆ.
೨. ಕೆಲಸ ಮುಗಿದ ಹೆಡ್ಡು, ಒಂದು. ಲಕೋಟೆಯಲ್ಲಿ ಹಿಡಿಸದ ಕಾರಣ ಅದನ್ನೂ ಅಲ್ಲೇ ಇಡಲಾಗಿದೆ.
೩. ಅಕ್ಕನವರ ಶಿಫಾರಸು. ಬರೆದು ಕೊಡಲು ಒಪ್ಪಿಲ್ಲ; ಊಟಕ್ಕೆ ಕೂತಾಗ ಅವರೇ ಹೇಳುತ್ತಾರಂತೆ.

ವಿಶೇಷ ಸೂಚನೆ: ವಾಲ್ವುಗಳು ಸರಿಯಾಗಿ ಕೂತಿವೆಯೇ ಎಂದು ತಿಳಿಯಲು ಹೆಡ್ಡನ್ನು ಮಗ್ಗುಲಾಗಿ ನಿಲ್ಲಿಸಿ, ಹೊಗೆ ಹೋಗುವ ದಾರಿಗಳಿಗೆ ಸೀಮೆಎಣ್ಣೆ ಸುರಿದು, ವಾಲ್ವಿನ ಮುಖದ ಕೆಳಗೆ ಮೇಲ್ಕಂಡ ಅರ್ಜಿಯನ್ನೇ ಹಾಸಿ ಅರ್ಜಿದಾರನು ಊಟಕ್ಕೆ ಹೋಗಿದ್ದನು. ಬಂದ ಮೇಲೆ ಹೆಡ್ಡನ್ನು ಹೊರಳಿಸಿ ಗಾಳಿ ಬರುವ ದಾರಿಗಳಿಗೂ ಹಾಗೆಯೇ ಮಾಡಲಾಯಿತು. ತೊಟ್ಟಿಕ್ಕಿದ್ದರೆ ಕಾಗದ ತಾನೇ ಹೇಳುತ್ತದೆ. ಎರಡನೇ ಪುಟದ ಬಲಮೂಲೆಯಲ್ಲಿ ಕಾಣುವ ಕಲೆಯೊಂದು ಮಾತ್ರ, ಸೂಕ್ತ ಮಾರ್ಗದಲ್ಲಿ ಓದುವಾಗ ಅಕ್ಕನವರ ಒದ್ದೆ ಕೈಯಿಂದ ಆದದ್ದು. ತೀರ್ಪು ಬರೆಯುವ ಮುನ್ನ ದಯವಿಟ್ಟು ಮೂಸಿ ನೋಡತಕ್ಕದ್ದು.