ಬಾವಿಯ ಉಪ್ಪು ಹಿಡಿಯಲು ಹೊರಟ ಭಾವ

ನನ್ನ ಅಕ್ಕನ ಗಂಡನಷ್ಟು ಬುದ್ಧಿವಂತರು ಅಂಕೋಲೆಯಿಂದ ಕಾರವಾರದವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಆ ಬುದ್ಧಿಯಿಂದ ಇಂದಿನವರೆಗೆ ಯಾರಿಗೂ ಒಂದು ಲೋಟ ಚಾ ಕೂಡ ಆಗಿಲ್ಲ, ಅದು ಬೇರೆ ಮಾತು!

ಭಾವ ಕಾರವಾರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುತ್ತಾರೆ. ಮನೆ ಅಂಕೋಲೆಯ ಬೊಬ್ರುವಾಡದಲ್ಲಿ, ಕಡಲಿಗೆ ಹತ್ತಿರ. ಶಿವರಾತ್ರಿ ಕಳೆಯಿತೆಂದರೆ ಅವರ ಬಾವಿ ಉಪ್ಪಾಗುತ್ತದೆ. ಮಳೆ ಬೀಳುವವರೆಗೆ ಅಕ್ಕ ನಾಲ್ಕು ಮನೆ ಆಚೆಯಿಂದ ನೀರು ಹೊತ್ತು ತರಬೇಕು. ಹೊತ್ತು ಹೊತ್ತು ಅವಳ ಸೊಂಟ ಹಿಡಿದುಕೊಂಡಿತು; ಇನ್ನು ಕೊಡ ಎತ್ತಲೇಬಾರದೆಂದು ಡಾಕ್ಟರು ಹೇಳಿದರು. ಭಾವ ತಾವೇ ಹೊರಲು ಹೊರಟರು. ಆದರೆ ದಾರಿಯಲ್ಲಿ ಯೋಚನೆಗೆ ಬಿದ್ದರೆ ಅರ್ಧ ಗಂಟೆ ಅಲ್ಲೇ ನಿಂತುಬಿಡುವ ಜೀವ ಅದು. ಅನ್ನಕ್ಕೆ ಎಸರಿಡುವುದು ಯಾವಾಗ? ಅಕ್ಕ ಕದ್ದುಮುಚ್ಚಿ ಸಣ್ಣ ಕೊಡದಲ್ಲಿ ತರತೊಡಗಿದಳು. ಅದು ಗೊತ್ತಾದ ದಿನ ಭಾವ ಒಂದು ಅಣು ಕಟ್ಟಲು ಕೂತರು.

ಉಪ್ಪು ನೀರಿಗೆ ಬಿದ್ದರೆ ಎರಡು ಪಾಲಾಗುತ್ತದಂತೆ. ಅದರಲ್ಲಿ ಋಣ ವಿದ್ಯುದಂಶವಿರುವ ಪಾಲು ಕ್ಲೋರೈಡ್. ಅದನ್ನು ಹೈಡ್ರೋಜನ್ ಬಂಧಗಳಿಂದ ಸುತ್ತಲೂ ಹಿಡಿದುಕೊಳ್ಳುವ ಅಣುವೊಂದು ಸಿದ್ಧವಾದರೆ ಉಪ್ಪನ್ನು ಬಾವಿಯಿಂದ ಎತ್ತಿ ಬಿಸಾಡಬಹುದು. ಎಷ್ಟು ಸುಲಭ ನೋಡಿ! ಹಿಡಿಯುವ ಜಾಗದ ಅಗಲ ಸರಿಯಾಗಿರಬೇಕು, ಅಷ್ಟೇ.

ಆ ಅಗಲದ ಚಿಂತೆಯಲ್ಲೇ ಒಮ್ಮೆ ಸದಾಶಿವಗಡದಲ್ಲಿ ಮೀನಿನ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಏಡಿಯ ಕಚ್ಚುವ ಕಾಲಿಗೆ ಸ್ಕೇಲು ಹಿಡಿದರು.

"ಮಾಸ್ತರೇ, ಏಡಿ ತಕೊಳ್ಳೂದಾ, ಇಲ್ಲ ಅದಕ್ಕೆ ಅಂಗಿ ಹೊಲ್ಸೂದಾ?" ಮೀನಿನವಳು ಕೇಳಿದಳು.

"ಹಿಡಿತ ಹ್ಯಾಂಗೆ ಅಂತ ನೋಡ್ತಾ ಇದ್ದೆ."

"ಬೆರಳು ಕೊಡಿ. ಈಗ್ಲೇ ಗೊತ್ತಾಗ್ತದೆ."

ಕೊಟ್ಟರು! ಬೆರಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವರ ಮುಖದಲ್ಲಿದ್ದಷ್ಟು ಸಂತೋಷವನ್ನು ನಾನು ಅವರ ಮದುವೆಯಲ್ಲೂ ಕಂಡಿರಲಿಲ್ಲ.

ಎರಡು ವರ್ಷದ ಮೇಲೆ ಒಂದು ಸಂಜೆ ಪೇಡೆ ತಂದರು. ಅಣು ಕ್ಲೋರೈಡನ್ನು ಗಟ್ಟಿಯಾಗಿ ಹಿಡಿದಿತ್ತು.

"ಹಂಗಾರೆ ನಾಳೆನೇ ಬಾವಿಗೆ ಹಾಕಿ," ಎಂದಳು ಅಕ್ಕ.

"ಹಾಂಗಲ್ಲ ಅದು. ಲ್ಯಾಬಿನ ದ್ರಾವಕದಲ್ಲಿ ಹಿಡೀತದೆ. ನೀರಲ್ಲಿ ಮಾತ್ರ ಬಿಟ್ಟುಬಿಡ್ತದೆ. ನೀರೇ ಅಡ್ಡ ಬಂದು ಅದರ ಕೈ ಹಿಡ್ಕೊಳ್ತದೆ."

"ಬಾವೀಲಿ ನೀರಲ್ದೆ ಮತ್ತೆಂತಾ ಇರ್ತದ್ರಿ?"

ಭಾವ ಪೇಡೆಯ ಪೊಟ್ಟಣವನ್ನು ನಮ್ಮತ್ತ ಸರಿಸಿದರು. ಪೇಡೆ ಚೆನ್ನಾಗಿತ್ತು.

ಈ ಬೇಸಿಗೆಯಲ್ಲಿ ನಾನು ಅಕ್ಕನಲ್ಲಿಗೆ ಹೋಗಿದ್ದಾಗಲೇ ಅವರ ಮನೆಗೆ ನಲ್ಲಿ ಬಂತು, ಸಿಹಿನೀರೂ ಬಂತು. ಭಾವ ನಲ್ಲಿಯನ್ನು ಒಮ್ಮೆ ತಿರುಗಿಸಿ, ಮತ್ತೆ ಮುಚ್ಚಿ, "ಚಲೋ ಆಯ್ತು" ಎಂದರು. ಆಮೇಲೆ ಅಣುವಿನ ಕಾಗದಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದರು. ಚೇಷ್ಟೆ ಮಾಡಬೇಕೆಂದು ಬಾಯಿ ತೆರೆದ ನಾನು ಅವರ ಮುಖ ನೋಡಿ ಅಟ್ಟದ ಏಣಿ ತೆಗೆದಿಟ್ಟೆ.

ಮರುದಿನ ಬೆಳಿಗ್ಗೆ ನೋಡಿದರೆ ಆ ಕಟ್ಟು ಅಟ್ಟದಿಂದಿಳಿದು ಭಾವನ ಚೀಲದಲ್ಲಿತ್ತು. ಅಕ್ಕ ಖಾಲಿ ಬಾಟಲಿ ಪಕ್ಕದಲ್ಲಿಟ್ಟುಕೊಂಡು ಬಾವಿಯಿಂದ ನೀರು ಸೇದುತ್ತಿದ್ದಳು.

"ಈ ಉಪ್ಪುನೀರು ಎಂತಕ್ಕೆ ಅಕ್ಕಾ?"

"ಅವ್ರ ಲ್ಯಾಬಿಗೆ. ಆ ಕಟ್ಟೂ ನಾನೇ ಇಳ್ಸಿಟ್ಟೆ. ನನ್ನ ಸೊಂಟದ ಸಲುವಾಗಿ ಇಷ್ಟು ವರ್ಷ ತಲೆ ಕೆಡಿಸ್ಕೊಂಡ್ರು. ನಲ್ಲಿ ಬಂತು ಅಂತ ನಾನು ಅರ್ಧಕ್ಕೇ ಬಿಡ್ಸೂದಾ?"

ಅಷ್ಟರಲ್ಲಿ ಜಗಲಿಯಿಂದ ಭಾವ ಓಡಿಬಂದರು. "ಎತ್ತಬೇಡ ಅಂದಿಲ್ವಾ ನಿಂಗೆ!" ಎಂದು ಗದರಿ ಹಗ್ಗ ಕಸಿದುಕೊಂಡರು. ಆಮೇಲೆ ತಾವೇ ಸೇದಿ ಬಾಟಲಿ ತುಂಬಿಸುತ್ತ, ಸೊಂಟ ನೋಯಿತೇ ಎಂದು ಅವಳನ್ನು ಎರಡೆರಡು ಸಲ ಕೇಳಿದರು.

ಇಷ್ಟು ವರ್ಷ ಅಕ್ಕನ ಪಾಡು ಕಂಡು ಅಯ್ಯೋ ಪಾಪ ಎನ್ನುತ್ತಿದ್ದವಳು ನಾನು. ಅವತ್ತು ಮೊದಲ ಸಲ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.