ನಮ್ಮತ್ತೆಯೂ ಮೀನಂಗಡಿ ಮೀನಮ್ಮನೂ

ಟಿವಿ ಆಫ್ ಮಾಡಿದರೆ ಅದರೊಳಗಿನ ಜನ ಅದರೊಳಗೇ ಇರುತ್ತಾರೆ ಅಂತ ನಾನು ನಂಬಿಕೊಂಡಿದ್ದೆ. ನಮ್ಮತ್ತೆ ಆರು ತಿಂಗಳಿಗೆ ಅಂತ ಅಮೆರಿಕದಲ್ಲಿ ನಾವಿರುವ ರೆಂಟನ್ನಿಗೆ ಬಂದ ಮೇಲೆ ಆ ನಂಬಿಕೆ ಹೋಯಿತು. ಆಮೇಲೆ ನಮ್ಮ ಮನೆಯಲ್ಲಿ ಏನೇ ಎಡವಟ್ಟಾಗಲಿ, ಅದರ ಮೂಲ ಹುಡುಕುತ್ತಾ ಹೋದರೆ ಇಂಗ್ಲೆಂಡಿನ ಒಂದು ಮೀನಂಗಡಿಯ ಮುಂದೆ ಹೋಗಿ ನಿಲ್ಲಬೇಕಾಗುತ್ತಿತ್ತು. ಈಗ ಅತ್ತೆ ಕ್ಷೇಮವಾಗಿ ಊರು ಸೇರಿದ್ದಾರೆ, ನನ್ನ ಮಾನವೂ ಹೆಚ್ಚುಕಡಿಮೆ ಉಳಿದಿದೆ. ಹಾಗಾಗಿ ಧೈರ್ಯವಾಗಿ ಹೇಳಬಹುದು.

೧. ಕಾಫಿಯಲ್ಲಿ ವಿಷ

ನಮ್ಮತ್ತೆ ನಂಜನಗೂಡಿನಲ್ಲಿ ಮೂವತ್ತು ವರ್ಷ ಪ್ರೈಮರಿ ಸ್ಕೂಲ್ ಟೀಚರ್ ಆಗಿದ್ದವರು. ಮಾತು ಬಹಳ ಚೂಪು. ನನಗೆ ಮದುವೆಯಾಗಿ ಹದಿನಾರು ವರ್ಷವಾಯಿತು. ಕೆಲಸ ವಿಮಾನದ ಕಾರ್ಖಾನೆಯಲ್ಲಿ ಬಿಡಿಭಾಗಗಳ ತಪಾಸಣೆ. ಕೂದಲೆಳೆಯಷ್ಟು ಬಿರುಕಿದ್ದರೂ ಕಂಡುಹಿಡಿಯುತ್ತೇನೆ. ಆದರೂ ಅತ್ತೆಯ ಮುಂದೆ ನಾನು ಒಡೆದ ತೆಂಗಿನಕಾಯಿ ಇವತ್ತಿಗೂ ಸರಿಯಾಗಿ ಎರಡು ಹೋಳಾಗಿಲ್ಲ.

ಅವರು ಬಂದಿದ್ದು ನವೆಂಬರಿನಲ್ಲಿ. ನಾಲ್ಕೂವರೆಗೆಲ್ಲ ಕತ್ತಲೆ, ದಿನವಿಡೀ ಜಿಟಿಜಿಟಿ ಮಳೆ. ನಾವಿಬ್ಬರೂ ಕೆಲಸಕ್ಕೆ ಹೋದರೆ ಅವರಿಗೆ ಮಾತಾಡಲು ಜನವಿಲ್ಲ. ಎದುರು ಮನೆಯಲ್ಲಿ ಒಬ್ಬರು ಇಂಗ್ಲೆಂಡಿನ ಅಜ್ಜಿ ಇದ್ದಾರೆ. ಗಂಡನ ವಿಮಾನ ಕಾರ್ಖಾನೆ ಕೆಲಸಕ್ಕೆ ಅಂತ ಬಂದು ಇಲ್ಲೇ ಉಳಿದವರು. ಅವರೇ ಒಂದು ದಿನ ಅತ್ತೆಯನ್ನು ಟೀಗೆ ಕರೆದರು. ಟೀ ಕುಡಿಯುತ್ತಾ ಟಿವಿ ಹಾಕಿದರು.

ಅದು ನಾನು ಹುಟ್ಟುವ ಮೊದಲಿನಿಂದಲೂ ಇಂಗ್ಲೆಂಡಿನಲ್ಲಿ ನಡೆಯುತ್ತಿರುವ ಸೀರಿಯಲ್ಲು. ಅದರಲ್ಲಿ ಹುರಿದ ಮೀನು ಮಾರುವ ಅಂಗಡಿ ಇಟ್ಟುಕೊಂಡ ಒಬ್ಬ ಮುದುಕಿ. ಮಗ, ಸೊಸೆ, ಪಾದ್ರಿ, ಪೋಸ್ಟ್‌ಮನ್ನು, ಆ ಬೀದಿಯಲ್ಲಿ ಯಾರೂ ಅವಳ ಕೈಲಿ ಬೈಸಿಕೊಳ್ಳದೆ ದಾಟುವಂತಿಲ್ಲ. ಅವಳ ಇಂಗ್ಲಿಷ್ ಹೆಸರು ಅತ್ತೆಯ ಬಾಯಿಗೆ ಬರಲಿಲ್ಲ, ಮೀನಮ್ಮ ಅಂತ ಕರೆದರು. ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವವರು ನಮ್ಮತ್ತೆ. ಕೇಳಿದರೆ, "ಅವಳು ಹುರಿಯೋವಾಗ ಕಣ್ಣು ಮುಚ್ಕೋತೀನಿ, ಬೈಯೋವಾಗ ತೆಗೀತೀನಿ" ಅಂದರು.

ಆಮೇಲೆ ದಿನಾ ಊಟದ ಹೊತ್ತಿಗೆ ನಮಗೆ ಕಥೆ. ಮೀನಮ್ಮನ ದೊಡ್ಡ ಸೊಸೆ ಕಾಫಿಯಲ್ಲಿ ವಿಷ ಹಾಕಿದಳಂತೆ. ಮೀನಮ್ಮ ವಾಸನೆಯಲ್ಲೇ ಪತ್ತೆ ಮಾಡಿ ಕಪ್ಪನ್ನು ಹಾಗೇ ಸೊಸೆಯ ಕಡೆ ಸರಿಸಿದಳಂತೆ. ನನ್ನ ಗಂಡ ತುತ್ತು ಕೈಯಲ್ಲೇ ಹಿಡಿದು "ಆಮೇಲೆ?" ಅನ್ನುತ್ತಿದ್ದರು.

ಒಂದು ವಾರ ಕಳೆದ ಮೇಲೆ ಎದುರುಮನೆ ಅಜ್ಜಿ ಟಪಾಲು ಡಬ್ಬಿ ಹತ್ತಿರ ಸಿಕ್ಕಿದರು. "ಆ ಸೊಸೆ ನಿಜವಾಗಲೂ ವಿಷ ಹಾಕಿದಳಾ?" ಅಂತ ಕೇಳಿದೆ.

ಅವರು ಕಣ್ಣು ಕಣ್ಣು ಬಿಟ್ಟರು. "ವಿಷವಾ? ಈ ವಾರ ಪೂರ್ತಿ ಅವರಿಬ್ಬರು ಜಗಳ ಆಡಿದ್ದು ಕಸದ ಡಬ್ಬಿ ಯಾರ ಬಾಗಿಲ ಮುಂದೆ ಇಡಬೇಕು ಅನ್ನೋದಕ್ಕೆ."

ನನಗೆ ನಾಚಿಕೆಯಾಯಿತು. ನಮ್ಮತ್ತೆಗೆ ಇಂಗ್ಲಿಷ್ ಅಷ್ಟಾಗಿ ತಿಳಿಯಲ್ಲ ಅಂತ ವಿಷದ ಕಥೆಯನ್ನೆಲ್ಲ ಒಪ್ಪಿಸಿದೆ. ಅಜ್ಜಿ ಪೂರ್ತಿ ಕೇಳಿದರು. ಬೇಜಾರಾಯಿತೇನೋ ಅಂದುಕೊಂಡೆ. ಅವರು ಹತ್ತಿರ ಬಂದು ಮೆಲ್ಲಗೆ ಕೇಳಿದರು: "ನಲವತ್ತು ವರ್ಷದಿಂದ ನೋಡ್ತಿದೀನಿ, ಒಂದು ದಿನವೂ ಇಷ್ಟು ಚೆನ್ನಾಗಿರಲಿಲ್ಲ. ಆ ಸೊಸೆ ಕಾಫಿ ಕುಡಿದಳಾ?"

೨. ಪ್ಲಂಬರ್

ಅವತ್ತಿನಿಂದ ನನ್ನ ಹನ್ನೆರಡು ವರ್ಷದ ಮಗಳನ್ನು ಅನುವಾದಕ್ಕೆ ಜೊತೆಗೆ ಕೂರಿಸಿದೆವು. ಕಥೆ ಸರಿಯಾಯಿತು. ನನ್ನ ಗ್ರಹಚಾರ ಅಲ್ಲಿಂದಲೇ ಶುರುವಾಯಿತು.

ಒಂದು ಶುಕ್ರವಾರ ಸೀರಿಯಲ್ಲಿನಲ್ಲಿ ನಿಜವಾಗಿಯೂ ಮೀನಮ್ಮನ ಸೊಸೆ ಪ್ಲಂಬರ್ ಜೊತೆ ಓಡಿಹೋದಳು. ಅತ್ತೆಗೆ ತಡೆಯಲಾಗಲಿಲ್ಲ. ಮೈಸೂರಿನಲ್ಲಿರುವ ತಂಗಿಗೆ ಫೋನ್ ಮಾಡಿದರು. "ಸೊಸೆ ಪ್ಲಂಬರ್ ಜೊತೆ ಓಡಿಹೋದ್ಲು ಕಣೇ! ಅವಳ ಗಂಡ ಪಾಪ, ಪೆದ್ದನ ಹಾಗೆ ಟೀ ಕುಡೀತಾ ಕೂತಿದಾನೆ..." ಅಷ್ಟರಲ್ಲಿ ಬ್ಯಾಟರಿ ಮುಗಿದು ಲೈನ್ ಕಟ್ಟಾಯಿತು. ಅತ್ತೆ ಚಾರ್ಜರ್ ಹುಡುಕಿ ಸಿಗದೆ ಸುಮ್ಮನಾದರು. ಅವರ ತಂಗಿ ಸುಮ್ಮನಾಗಲಿಲ್ಲ. ಆಟೋ ಹಿಡಿದು ಸೀದಾ ನನ್ನ ತವರುಮನೆಗೆ ಹೋದರು.

ಶನಿವಾರ ಬೆಳಗ್ಗೆ ನಮ್ಮಮ್ಮನ ಫೋನು.

"ಎಲ್ಲಿದೀಯೇ?"

"ಮನೇಲಿದೀನಮ್ಮ."

"ಯಾರ ಮನೇಲಿ?"

"ನಮ್ಮನೇಲಿ! ಯಾಕಮ್ಮ?"

"ಅಳಿಯಂದಿರು ಎಲ್ಲಿ?"

"ಮಗಳನ್ನ ಸ್ವಿಮ್ಮಿಂಗ್ ಕ್ಲಾಸಿಗೆ ಕರ್ಕೊಂಡು ಹೋಗಿದಾರೆ."

ಆ ಕಡೆ ಮೂಗು ಎಳೆದುಕೊಂಡ ಸದ್ದು. "ನನ್ನ ಮೇಲೆ ಆಣೆ ಇಟ್ಟು ನಿಜ ಹೇಳು. ಆ ಪ್ಲಂಬರು ನಿನ್ನ ಜೊತೇಲಿದಾನಾ?"

ನಮ್ಮಮ್ಮನಿಗೆ ಹೇಗೆ ಗೊತ್ತಾಯಿತು ಅಂತ ನನಗೆ ಆಶ್ಚರ್ಯ. ಅವತ್ತು ಬೆಳಗ್ಗೆಯೇ ಸಿಂಕಿನ ಪೈಪು ಸೋರುತ್ತಿದೆ ಅಂತ ಪ್ಲಂಬರನ್ನು ಕರೆಸಿದ್ದೆ. ತಿರುಗಿ ನೋಡಿದೆ. ಸಿಂಕಿನ ಕೆಳಗಿನಿಂದ ಎರಡು ಬೂಟುಗಾಲು ಹೊರಗೆ ಚಾಚಿದ್ದವು.

"ಹೂಂ. ಇಲ್ಲೇ ಅಡುಗೆಮನೇಲಿ ಮಲಗಿದಾನೆ" ಅಂದೆ.

ಅಮ್ಮ ಕಿರುಚಿದ್ದು ಕೇಳಿ ಆ ಪ್ಲಂಬರು ತಲೆ ಎತ್ತಿ ಸಿಂಕಿಗೆ ಬಡಿಸಿಕೊಂಡ. ಅಪ್ಪ ಫೋನ್ ಕಿತ್ತುಕೊಂಡು "ಟಿಕೆಟ್ ಕಳಿಸ್ತೀನಿ, ಮಗೂನ ಕರ್ಕೊಂಡು ಬಂದ್ಬಿಡು" ಅಂದರು. ಅತ್ತೆ ಓಡಿಬಂದು ಮೀನಮ್ಮನ ವಂಶಾವಳಿಯನ್ನೆಲ್ಲ ವಿವರಿಸಬೇಕಾಯಿತು. ನಾನು ವಿಡಿಯೋ ಹಾಕಿ ಸೋರುವ ಪೈಪನ್ನೂ ಹಣೆ ಉಜ್ಜಿಕೊಳ್ಳುತ್ತಿದ್ದ ಪ್ಲಂಬರನ್ನೂ ತೋರಿಸಿದೆ. ಅರ್ಧ ಗಂಟೆಯ ನಂತರ ಅಮ್ಮ ಕಣ್ಣೊರೆಸಿಕೊಂಡು ಉಸಿರು ಬಿಟ್ಟರು.

"ಸದ್ಯ, ಬದುಕಿಸ್ದೆ ಕಣೇ" ಅಂದರು. ಆಮೇಲೆ ಫೋನನ್ನು ಸ್ವಲ್ಪ ಹತ್ತಿರ ಹಿಡಿದು ನೋಡಿ, "ಹುಡುಗ ಲಕ್ಷಣವಾಗೇ ಇದಾನೆ ಬಿಡು" ಅಂದರು.

೩. ವಾಕ್ಯ ರಚಿಸಿ

ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಭಾನುವಾರದ ಕನ್ನಡ ಕ್ಲಾಸಿಗೆ ಎರಡು ವರ್ಷದಿಂದ ಕಳಿಸುತ್ತಿದ್ದೇನೆ. ಅಲ್ಲಿಯವರೆಗೆ "ನನ್ನ ಹೆಸರು" ಬಿಟ್ಟು ಮುಂದೆ ಹೋಗಿರಲಿಲ್ಲ.

ಮೀನಮ್ಮನ ಬೈಗುಳಗಳನ್ನು ಅತ್ತೆಗೆ ಕನ್ನಡದಲ್ಲಿ ಹೇಳಬೇಕಲ್ಲ, ಅದಕ್ಕೆ ಪದ ಬೇಕು. ಮಗಳು ಸುಲಭದ ಇಂಗ್ಲಿಷಿನಲ್ಲಿ ಅರ್ಥ ಬಿಡಿಸುವುದು, ಅತ್ತೆ ಅದಕ್ಕೆ ತಕ್ಕ ಕನ್ನಡ ಕೊಡುವುದು, ಹೀಗೆ ದಿನಾ ಒಂದು ಗಂಟೆ ಪಾಠ. ಅತ್ತೆ ಹಳೇ ಟೀಚರ್ ತಾನೆ, ನೋಟ್‌ಬುಕ್ಕಿನಲ್ಲಿ ಬರೆಸುತ್ತಿದ್ದರು.

ಒಂದು ಭಾನುವಾರ ಕನ್ನಡ ಮೇಷ್ಟ್ರು ಫೋನ್ ಮಾಡಿದರು. "ಸ್ವಲ್ಪ ಮಾತಾಡಬೇಕಿತ್ತು. 'ಕನ್ನಡಿ' ಪದ ಉಪಯೋಗಿಸಿ ವಾಕ್ಯ ರಚಿಸಿ ಅಂತ ಕೇಳಿದ್ದೆ."

"ಏನು ಹೇಳಿದ್ಲು ಸರ್?"

"'ನಿನ್ನ ಮೂತಿಯನ್ನು ಕನ್ನಡಿಯಲ್ಲಿ ನೋಡಿಕೊಂಡು, ಕನ್ನಡಿ ಒಡೆಯದೆ ಉಳಿದರೆ ಆಮೇಲೆ ನನ್ನ ಹತ್ತಿರ ಮಾತಾಡು.'"

ಕ್ಲಾಸಿನಿಂದ ತೆಗೆದೇಬಿಡುತ್ತಾರೆ ಅಂದುಕೊಂಡು ಕ್ಷಮೆ ಕೇಳಲು ಶುರು ಮಾಡಿದೆ. ಮೇಷ್ಟ್ರು ತಡೆದರು. "ಅಲ್ಲ ಮೇಡಂ, ಎಂಟು ವರ್ಷದಿಂದ ಪಾಠ ಮಾಡ್ತಿದೀನಿ. ವಿಭಕ್ತಿ ಪ್ರತ್ಯಯ ಇಷ್ಟು ಸರಿಯಾಗಿ ಹಾಕಿದ ಮಗು ಇದೇ ಮೊದಲು. ಎಲ್ಲಿ ಟ್ಯೂಷನ್‌ಗೆ ಕಳಿಸ್ತಿದೀರಿ ಅಂತ ಕೇಳೋಣ ಅಂತ ಮಾಡಿದೆ."

೪. ಲವ್

ಮೀನಮ್ಮ ಬೈಯುವ ಮುಂಚೆ ಎಲ್ಲರನ್ನೂ "ಲವ್" ಅಂತ ಕರೆಯುತ್ತಾಳೆ. ಅವರ ಕಡೆ ಅದು ನಮ್ಮ "ಮರಿ" ಇದ್ದ ಹಾಗೆ ಅಂತ ಎದುರುಮನೆ ಅಜ್ಜಿ ಹೇಳಿದರಂತೆ. ಅತ್ತೆಗೆ ಬಹಳ ಹಿಡಿಸಿತು. ಬಸ್ ಡ್ರೈವರಿಗೆ ಲವ್, ತರಕಾರಿ ಅಂಗಡಿಯವನಿಗೆ ಲವ್.

ಊರಿನವರಿಗೆ ಸ್ವೆಟರ್ ಕೊಳ್ಳಲು ಪಕ್ಕದೂರು ಟಕ್ವಿಲಾದ ಮಾಲಿಗೆ ಹೊರಟಿದ್ದೆವು. ಡ್ರೈವ್ ಮಾಡುತ್ತಿದ್ದವಳು ನಾನು. ಅತ್ತೆ ಪಕ್ಕದಲ್ಲಿ ಕೂತು ನನ್ನ ಸಾರಿನಲ್ಲಿ ಏನೇನು ಕಡಿಮೆ ಅಂತ ಹೇಳುತ್ತಿದ್ದರು. ಆ ಪಟ್ಟಿ ಇನ್ನೂ ಉದ್ದವಾಗುವ ಮೊದಲೇ ಮಾಲ್ ಸೇರಿಕೊಳ್ಳೋಣ ಅಂತ ಕಾಲು ತಾನಾಗೇ ಒತ್ತಿತೋ ಏನೋ, ಹಿಂದೆ ಕೆಂಪು ನೀಲಿ ದೀಪ ಹೊತ್ತಿಕೊಂಡಿತು.

ಅಮೆರಿಕಕ್ಕೆ ಬಂದ ಹದಿನಾಲ್ಕು ವರ್ಷದಲ್ಲಿ ಪೊಲೀಸ್ ನನ್ನನ್ನು ನಿಲ್ಲಿಸಿದ್ದು ಅದೇ ಮೊದಲು. "ಅತ್ತೆ, ದಮ್ಮಯ್ಯ, ನೀವು ಮಾತ್ರ ಮಾತಾಡಬೇಡಿ" ಅಂದೆ. ಆರಡಿ ದಾಟಿದ ಆಫೀಸರ್ ಬಂದು ಕಿಟಕಿಗೆ ಬಗ್ಗಿ, ಎಷ್ಟು ಸ್ಪೀಡಿನಲ್ಲಿ ಹೋಗುತ್ತಿದ್ದೀರಿ ಗೊತ್ತಾ ಅಂತ ಕೇಳಿದ. ನಾನು ಲೈಸೆನ್ಸ್ ಹುಡುಕಲು ಪರ್ಸ್ ತೆಗೆದೆ.

ಅತ್ತೆ ನನ್ನ ಮುಂದೆ ಬಾಗಿ ಆಫೀಸರ್ ಮುಖ ನೋಡಿದರು. "ಲವ್," ಅಂದರು, "ಶೀ ಈಸ್ ಯೂಸ್‌ಲೆಸ್. ಬಟ್ ಶೀ ಈಸ್ ಮೈ ಯೂಸ್‌ಲೆಸ್."

ಆಫೀಸರ್ ತುಟಿ ಬಿಗಿ ಹಿಡಿದಿದ್ದ, ಆಗಲಿಲ್ಲ, ನಕ್ಕುಬಿಟ್ಟ. ಅವನ ಅಜ್ಜಿಯೂ ಹೀಗೇ ಇದ್ದರಂತೆ. ನಿಧಾನವಾಗಿ ಹೋಗಿ ಅಂತ ಬರೀ ಎಚ್ಚರಿಕೆ ಕೊಟ್ಟು ಕಳಿಸಿದ.

ಸ್ವಲ್ಪ ದೂರ ಬಂದ ಮೇಲೆ ಕೇಳಿದೆ. "ಅತ್ತೆ, ಅವನ ಮುಂದೆ ಯೂಸ್‌ಲೆಸ್ ಅನ್ನಬೇಕಿತ್ತಾ?"

"ಅದು ಮೀನಮ್ಮನ ಡೈಲಾಗು ಕಣೇ. ಸೊಸೆಗೆ ಹೇಳ್ತಾಳೆ. ಅವಳು ಯೂಸ್‌ಲೆಸ್ ಅಂತಷ್ಟೇ ಅಂದು ನಿಲ್ಲಿಸ್ತಾಳೆ" ಅಂದು, ಕಿಟಕಿಯ ಆಚೆ ನೋಡುತ್ತಾ, "ಮೈ ಅನ್ನೋದು ನಾನು ಸೇರಿಸಿದ್ದು" ಅಂದರು.

ಹದಿನಾರು ವರ್ಷದಲ್ಲಿ ಅವರು ನನಗೆ ಹೇಳಿದ ಅತಿ ಒಳ್ಳೆಯ ಮಾತು ಅದೇ. ನನ್ನ ಕಣ್ಣು ಮಂಜಾಯಿತು. ಅತ್ತೆ ಪರ್ಸಿನಿಂದ ಕರ್ಚೀಫು ತೆಗೆದು ಕೊಟ್ಟರು.

"ಕಣ್ಣೊರೆಸ್ಕೊಂಡು ರೋಡ್ ನೋಡು. ಇನ್ನೊಂದ್ಸಲ ಹಿಡಿದ್ರೆ ಮೈ ಅನ್ನಲ್ಲ."

೫. ಕಾಶ್ಯಪ ಗೋತ್ರದ ಮೀನಮ್ಮ

ಅತ್ತೆ ಹೊರಡಲು ಒಂದು ತಿಂಗಳಿರುವಾಗ ಮೀನಮ್ಮ ಅಂಗಡಿಯಲ್ಲೇ ಕುಸಿದುಬಿದ್ದಳು. ಆ ನಟಿಗೆ ಬಹಳ ವಯಸ್ಸಾಗಿದೆ, ಪಾತ್ರವನ್ನು ಮುಗಿಸಿಬಿಡಬಹುದು ಅಂತ ಎದುರುಮನೆ ಅಜ್ಜಿ ಹೇಳಿದರಂತೆ. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. "ಇಲ್ಲಿಗೆ ಬಂದಾಗಿಂದ ನನ್ನ ಜೊತೆಗಿದ್ದೋಳು ಅವಳೇ ಕಣೇ" ಅಂದರು. ನಗು ಬರಲಿಲ್ಲ ನನಗೆ. ದೇವಸ್ಥಾನಕ್ಕೆ ಕರೆದುಕೊಂಡು ಹೋದೆ.

ನಾನು ಕಾರು ನಿಲ್ಲಿಸಿ ಬರುವಷ್ಟರಲ್ಲಿ ಒಳಗೆ ಅರ್ಚನೆ ನಡೆದುಹೋಗಿತ್ತು. ಅರ್ಚಕರು ಹೆಸರು ಕೇಳಿದಾಗ ಅತ್ತೆ ಮೀನಮ್ಮ ಅಂದಿದ್ದಾರೆ. ಗೋತ್ರ? "ಗೊತ್ತಿಲ್ಲ, ಇಂಗ್ಲೆಂಡಿನೋರು." ಅರ್ಚಕರು ಕಾಶ್ಯಪ ಗೋತ್ರ ಅಂತ ಹಾಕಿಕೊಂಡು ಮುಂದುವರಿಸಿದ್ದಾರೆ. ಪಕ್ಕದಲ್ಲಿ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಮೇಡಂ ನಿಂತಿದ್ದರು. ಯಾರಿಗೆ ಏನಾದರೂ ಮೊದಲು ಓಡಿಬರುವವರು ಅವರು. "ಏನಾಗಿದೆ ಅಮ್ಮ?" ಅಂತ ಕೇಳಿದರು. "ಕುಸಿದುಬಿದ್ರು, ಐಸಿಯುನಲ್ಲಿದಾರೆ" ಅಂತ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾವು ಮನೆ ಸೇರುವಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಬಂದಿತ್ತು: "ನಮ್ಮ ರೆಂಟನ್ ಕುಟುಂಬದ ಹಿರಿಯರಾದ ಮೀನಮ್ಮನವರು ಐಸಿಯುನಲ್ಲಿದ್ದಾರೆ. ಆ ಮನೆಗೆ ಊಟ ಕಳಿಸುವವರು ಹೆಸರು ಸೇರಿಸಿ." ಕೆಳಗೆ ಆಗಲೇ ಏಳು ಹೆಸರು.

ಮೊದಲ ದಿನವೇ ನಿಜ ಹೇಳಿಬಿಡಬೇಕು ಅಂತ ಬಾಗಿಲು ತೆಗೆದೆ. ಮುಕಿಲ್ಟಿಯೊದಿಂದ ಟ್ರಾಫಿಕ್ಕಿನಲ್ಲಿ ಒಂದೂವರೆ ಗಂಟೆ ಡ್ರೈವ್ ಮಾಡಿಕೊಂಡು ಬಂದಾಕೆ ಬಿಸಿ ಡಬ್ಬಿ ಹಿಡಿದು ನಿಂತಿದ್ದರು, ಕಣ್ಣಲ್ಲಿ ನೀರು. ಅವರಿಗೆ ಸೀರಿಯಲ್ಲು ಅಂತ ಯಾವ ಬಾಯಿಂದ ಹೇಳಲಿ? ಥ್ಯಾಂಕ್ಸ್ ಅಂದೆ. ಡಬ್ಬಿ ತೆಗೆದು ನೋಡಿದ ನನ್ನ ಗಂಡ, "ನಾಳೆ ಹೇಳೋಣ, ಇವತ್ತು ವಾಂಗಿಬಾತ್ ಇದೆ" ಅಂದರು. ಮರುದಿನ ಬಿಸಿಬೇಳೆಬಾತ್, ಅದರ ಮರುದಿನ ಪೂರಿ ಸಾಗು. ಜೊತೆಗೆ ಕಾರ್ಯದರ್ಶಿ ಮೇಡಂ ರೋಗಿಗೆ ಅಂತಲೇ ದಿನಾ ಮೆಣಸಿನ ಸಾರು ಬೇರೆ ಕಳಿಸುತ್ತಿದ್ದರು.

ಐದನೆಯ ದಿನ ಸಂಜೆ ಅವರೇ ಸಾರಿನ ಡಬ್ಬಿ ಹಿಡಿದು ಬಂದರು. ನಾನು ಬಾಯಿ ತೆಗೆಯುವ ಮೊದಲೇ ಅತ್ತೆ ಹಾಲ್‌ನಿಂದ ಕೂಗಿದರು: "ಬನ್ನಿ ಬನ್ನಿ, ಈಗಷ್ಟೇ ಕಣ್ಣು ಬಿಟ್ರು!"

ಮೇಡಂ ಒಳಗೆ ಓಡಿದರು. ಅವತ್ತು ನಮ್ಮ ಮನೆಯ ದೊಡ್ಡ ಟಿವಿಯಲ್ಲಿ ನೋಡೋಣ ಅಂತ ಎದುರುಮನೆ ಅಜ್ಜಿ ಬಂದು ಸೋಫಾದಲ್ಲಿ ಶಾಲು ಹೊದ್ದು ಕೂತಿದ್ದರು. ಮೇಡಂ ಹಿಂದೆ ಮುಂದೆ ನೋಡದೆ ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿ, ಇಷ್ಟು ಬೇಗ ಚೇತರಿಸಿಕೊಂಡಿದ್ದು ನೋಡಿ ಬಹಳ ಸಂತೋಷವಾಯಿತು ಅಂತ ಇಂಗ್ಲಿಷಿನಲ್ಲಿ ಹೇಳಿದರು. ಅಜ್ಜಿಗೆ ವಾರದ ಹಿಂದೆ ನೆಗಡಿಯಾಗಿತ್ತಂತೆ. ಎಷ್ಟು ಒಳ್ಳೆಯ ಜನ ಅಂತ ಅವರು ಕೈ ಹಿಡಿದುಕೊಂಡರು.

"ಅಯ್ಯೋ, ಅವರಲ್ಲ, ಇವರು" ಅಂತ ಅತ್ತೆ ಟಿವಿ ತೋರಿಸಿದರು.

ಟಿವಿಯಲ್ಲಿ ಮೀನಮ್ಮ ಆಸ್ಪತ್ರೆಯ ಮಂಚದ ಮೇಲೆ ಎದ್ದು ಕೂತಿದ್ದಳು. ನರ್ಸು ಒಂದು ಚಮಚ ಸೂಪು ಬಾಯಿಗಿಟ್ಟಳು. ಮೀನಮ್ಮ ಫೂ ಅಂತ ಉಗಿದು, ಇದು ಪಾತ್ರೆ ತೊಳೆದ ನೀರಾ ಅಂತ ಕೇಳಿದಳು. ಬೈಯುವ ಶಕ್ತಿ ವಾಪಸು ಬಂದಿತ್ತು, ಅಂದರೆ ಬದುಕಿದಳು. ಅತ್ತೆಯೂ ಎದುರುಮನೆ ಅಜ್ಜಿಯೂ ತಬ್ಬಿಕೊಂಡರು. ನನ್ನ ಮಗಳು ಕುಣಿದಳು.

ಮೇಡಂ ಮಾತ್ರ ಟಿವಿ ನೋಡಿದರು, ನಮ್ಮನ್ನು ನೋಡಿದರು, ಅಡುಗೆಮನೆ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದ್ದ ಐದು ದಿನದ ಡಬ್ಬಿಗಳನ್ನು ನೋಡಿದರು. ಈ ಊರಿನ ಕನ್ನಡಿಗರ ಮುಂದೆ ಇನ್ನು ನಾವು ತಲೆ ಎತ್ತುವ ಹಾಗಿಲ್ಲ ಅಂತ ನಾನು ಗೋಡೆಗೆ ಒರಗಿದೆ. ಕೊನೆಗೆ ಅವರ ಕಣ್ಣು ತಮ್ಮ ಕೈಯಲ್ಲಿದ್ದ ಡಬ್ಬಿಯ ಮೇಲೆ ಬಂದು ನಿಂತಿತು.

"ಅದು... ನನ್ನ ಸಾರಿಗೆ ಹೇಳಿದ್ದಲ್ಲ ತಾನೆ?" ಅಂದರು.

ನಾನು ನಕ್ಕುಬಿಟ್ಟೆ, ನನ್ನ ಗಂಡ ನಕ್ಕರು, ನೋಡಿದರೆ ಮೇಡಮ್ಮೇ ಎಲ್ಲರಿಗಿಂತ ಜೋರಾಗಿ ನಗುತ್ತಾ ಸೋಫಾದ ಮೇಲೆ ಕುಸಿದರು. ನಗದೆ ಇದ್ದವರು ಅತ್ತೆ ಒಬ್ಬರೇ. ಅವರು ಮೇಡಂ ಕೈಯಿಂದ ಡಬ್ಬಿ ಇಸಿದುಕೊಂಡು, ಮುಚ್ಚಳ ತೆಗೆದು ಮೂಸಿ ನೋಡಿ ಸಮಾಧಾನ ಹೇಳಿದರು.

"ಛೆ ಛೆ, ನಿಮ್ಮ ಸಾರು ಅವರಿಗೆಲ್ಲಮ್ಮ ಸಿಗತ್ತೆ? ಇಷ್ಟು ದಿನವೂ ಕುಡಿದಿದ್ದು ನನ್ನ ಮಗ. ನೋಡಿ, ಅವನೂ ಬದುಕಿಕೊಂಡಿದಾನೆ."