ಚಂದ್ರನ ಮೇಲೆ ಬೀಗರೂಟ

ಮುಂದಿನ ಕಾಲದ ಬಗ್ಗೆ ಕಥೆ ಬರೆಯಲು ಹೊರಟವನು ಮೊದಲು ಬ್ರಹ್ಮಚಾರಿಯಾಗಿರಬೇಕು. ಈ ಮಾತನ್ನು ನನಗೆ ಯಾರೂ ಸಕಾಲದಲ್ಲಿ ಹೇಳಲಿಲ್ಲ. ನಾನು ಆ ಸಾಹಸಕ್ಕೆ ಇಳಿಯುವ ಹೊತ್ತಿಗೆ ಮದ್ದೂರಿನ ಬೆಲ್ಲದ ಮಂಡಿ ಹುಚ್ಚೀರಯ್ಯನವರ ಮಗಳು ಚಿಕ್ಕನಂಜಮ್ಮ ನಮ್ಮ ಗುತ್ತಲಿನ ಮನೆಗೆ ಸೊಸೆಯಾಗಿ ಬಂದು, ಅಡುಗೆಮನೆಯನ್ನೂ ನನ್ನನ್ನೂ ಪೂರ್ತಿಯಾಗಿ ವಶಪಡಿಸಿಕೊಂಡಿದ್ದಳು.

ಆಗ ಯುದ್ಧದ ಕಾಲ. ಸೀಮೆಎಣ್ಣೆಗೆ ಕಾರ್ಡು, ಸಕ್ಕರೆಗೆ ಕಾರ್ಡು. ಸಕ್ಕರೆ ಕಾರ್ಖಾನೆಯ ಕೂಗು ಕೇಳಿ ಏಳುತ್ತಿದ್ದ ನಾವು ಬೆಲ್ಲದ ಕಾಫಿ ಕುಡಿಯುತ್ತಿದ್ದೆವು. ಆದರೂ ಆ ಚಳಿಗಾಲದ ಸಂಜೆಗಳನ್ನು ನೆನೆದರೆ ಈಗಲೂ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ. ಬೀದಿಯೆಲ್ಲ ಸೊಗಡು ಅವರೆಯ ವಾಸನೆ. ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಕೊಟ್ಟು ನಾನು ಜಗಲಿಯ ಮೇಲೆ ಸಾಹಿತ್ಯಸೇವೆ ಮಾಡುತ್ತಿದ್ದೆ. (ಮಾವನವರು ಇದನ್ನು 'ಕುಂತುಣ್ಣೋದು' ಎಂದು ಕರೆಯುತ್ತಿದ್ದರು.)

ದೀಪಾವಳಿಗೆ ಬಂದ ಮಾವನವರು ನೇರವಾಗಿಯೇ ಕೇಳಿಬಿಟ್ಟರು.

"ಅಳಿಮಯ್ಯ, ನಂಗೂ ವಯಸ್ಸಾಯ್ತು. ಮಂಡೀಲಿ ಕುಂತ್ಕಳಾಕೆ ನೀವು ಬಂದ್ಬುಡಿ. ಈ ಕಾಗ್ಜ ಗೀಚೋದು ಯಾರು ಕೇಳಾರು?"

"ಊರೇ ಕೇಳ್ತದೆ ಮಾವಯ್ಯ" ಎಂದೆ, ಅಭಿಮಾನ ಕೆರಳಿ. "ಕ್ರಿಸ್ತಶಕ ಎರಡು ಸಾವಿರದ ಕಥೆ ಬರೀತಿದೀನಿ. ಚಂದ್ರಲೋಕದ್ದು."

"ಸರಿ ಬುಡಿ. ಸಂಕ್ರಾಂತಿ ಹಿಂದಿನ ದಿನ ಬತ್ತೀನಿ. ಚಾವಡೀಲಿ ಓದಿ. ಊರು ಕೂತು ಹೂಂಗುಟ್ಟುದ್ರೆ ನಾನು ಮಂಡಿ ಸುದ್ದಿ ಎತ್ತಾಕಿಲ್ಲ. ಹೂಂಗುಟ್ಟದಿದ್ರೆ ನೀವು ಕಥೆ ಸುದ್ದಿ ಎತ್ತಬಾರದು."

ನಮ್ಮ ಕಡೆ ಕಥೆಗೆ ಹೂಂಗುಟ್ಟುವುದೆಂದರೆ ಸಾಮಾನ್ಯ ವಿಷಯವಲ್ಲ. ಹೇಳುವವನು ಒಂದು ಮಾತು ಆಡಿ ನಿಲ್ಲಿಸಬೇಕು, ಕೇಳುವವರು 'ಹ್ಞೂಂ' ಅನ್ನಬೇಕು. ಅನ್ನದಿದ್ದರೆ ಕಥೆ ಅಲ್ಲಿಗೇ ಕೂತಿತು ಎಂದೇ ಅರ್ಥ.

ಹಾಗಾಗಿ ಬರೆದಷ್ಟನ್ನು ಆಗಾಗ ಚಿಕ್ಕನಂಜಮ್ಮನ ಮುಂದೆ ಓದಿ ಪರೀಕ್ಷಿಸಲು ನಿರ್ಧರಿಸಿದೆ. ಅವಳು ಅಂದು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ನಾಯಕ ವಿದ್ಯುತ್ಕುಮಾರ ಗಗನಗಾಮಿ ವಿದ್ಯುದ್ರಥವೇರಿ ಚಂದ್ರಲೋಕದ ಮಹಾನಗರಿಯಲ್ಲಿ ಇಳಿದ. ಅಲ್ಲಿ ಒಲೆಯಿಲ್ಲ, ಹೊಗೆಯಿಲ್ಲ. ಒಂದು ಗುಳಿಗೆ ನುಂಗಿದರೆ ದಿನವೆಲ್ಲ ಹಸಿವಿಲ್ಲ. ಇಲ್ಲಿ ನಿಲ್ಲಿಸಿ ಹ್ಞೂಂಗಾಗಿ ಕಾದೆ.

"ಅಲ್ಲಾ ಅಂದ್ರೆ, ಬೀಗ್ರೂಟಕ್ಕೂ ಗುಳಿಗೇನೇ ಬಡುಸ್ತರಾ?"

"ಎಲ್ಲದಕ್ಕೂ ಗುಳಿಗೇನೆ."

"ನಮ್ ಬೀಗ್ರೂಟದಲ್ಲಿ ಎಲೆಗೆ ಬರೀ ಮೂಳೆ ಬಿತ್ತು ಅಂತ ಎದ್ದು ಮಳವಳ್ಳಿಗೆ ಓದ ನಮ್ ಚಿಕ್ಕವ್ವ ಇನ್ನೂ ಈ ಕಡೆ ತಲೆ ಆಕಿಲ್ಲ. ಗುಳಿಗೆ ಬಡುಸುದ್ರೆ ಜಗಳ ಆಗ್ದೆ ಇರ್ತದಾ?"

"ಆ ಕಾಲದಲ್ಲಿ ಜಗಳವೇ ಇರಾಕಿಲ್ಲ ಕಣೆ."

"ಜಗಳ ಇಲ್ದಿದ್ರೆ ಕಥೆ ಎಲ್ಲಿಂದ ಬತ್ತದೆ?" ಎಂದು ಅವಳು ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದಳು.

ನಾನು ಹಲ್ಲು ಕಚ್ಚಿ ಮುಂದುವರಿದೆ. ಕಬ್ಬಿಣದ ಯಂತ್ರಪುರುಷ ಬಂದು ಮನೆಗೆಲಸ ಮಾಡಿದ. ಅವನಿಗೆ ಹಬ್ಬಕ್ಕೆ ಬಟ್ಟೆ ಯಾರು ಕೊಡುತ್ತಾರೆ ಎಂದು ಕೇಳಿದಳು. ಆಮೇಲೆ ಕೇಳಿದ್ದು ನನ್ನ ಬುಡವನ್ನೇ ಅಲ್ಲಾಡಿಸಿತು.

"ನಾವೇನೋ ಚಂದ್ರನ್ನ ನೋಡಿ ಅಮಾಸೆ ಮಾಡ್ತೀವಿ. ಚಂದ್ರನ ಮ್ಯಾಲೇ ನಿಂತೋರು ಏನ್ನ ನೋಡಿ ಮಾಡ್ತಾರೆ?"

ಯಂತ್ರಗಳನ್ನು ಕಲ್ಪಿಸುವುದು ಸುಲಭ ಸ್ವಾಮಿ. ಯಂತ್ರದ ಪಕ್ಕದಲ್ಲಿ ಒಂದು ಅಮಾವಾಸ್ಯೆ ಇಡುವುದಿದೆಯಲ್ಲ, ಅದು ಕಷ್ಟ. ಎಷ್ಟೋ ಹೊತ್ತು ತಲೆ ಕೆರೆದುಕೊಂಡು, "ಅಲ್ಲಿಂದ ಭೂಮಿ ಕಾಣ್ತದೆ. ಭೂಮಿ ಕಪ್ಪಾದ ದಿನ ಅವರಿಗೆ ಅಮಾವಾಸ್ಯೆ" ಎಂದೆ.

ಅವಳ ಕೈ ಮೊರದ ಮೇಲೆಯೇ ನಿಂತಿತು. "ಅಯ್ಯೋ ಪಾಪ, ಅವತ್ತು ಆ ಸೊಸೆಗೆ ತವರು ಕಾಣಾಕಿಲ್ಲ."

"ಯಾವ ಸೊಸೆ? ನನ್ನ ಕಥೇಲಿ ಸೊಸೆಯೇ ಇಲ್ಲ."

"ಇರ್ತಾಳೆ ಬುಡಿ. ಅಷ್ಟು ದೊಡ್ಡ ಊರಲ್ಲಿ ಯಾರಾದ್ರೂ ಒಬ್ಬಳನ್ನ ಕೆಳಗಿಂದ ತಂದ್ಕಂಡೇ ಇರ್ತಾರೆ."

ಆ ಸೊಸೆ ನನ್ನ ತಲೆಯಿಂದ ಇಳಿಯಲೊಲ್ಲಳು. ಕೊನೆಗೆ, ಹೆಂಡತಿಯ ಮನಸ್ಸು ನೋಯಬಾರದೆಂಬ ಉದಾರ ಬುದ್ಧಿಯಿಂದ, ವಿದ್ಯುದ್ರಥದ ವರ್ಣನೆಯ ಕೊನೆಯಲ್ಲಿ ಅವಳಿಗೂ ಒಂದಿಷ್ಟು ಜಾಗ ಕೊಟ್ಟೆ. ಹೀಗೆ ದಿನವೂ ನಡೆಯಿತು. ನಾನು ಯಂತ್ರ ಕಟ್ಟುವುದು, ಅವಳು ಅದರೊಳಗೆ ಒಬ್ಬ ಅತ್ತೆಯನ್ನೋ ನಾದಿನಿಯನ್ನೋ ತಂದು ಕೂರಿಸುವುದು.

ಅವರೆ ಸುಗ್ಗಿ ಏರಿದ ಮೇಲೆ ಸಂಜೆ ಹೊತ್ತು ಅವಳ ಕಾಟ ತಪ್ಪಿತು. ಪಕ್ಕದ ಮನೆಯ ಮಂಚಮ್ಮನ ಜಗಲಿಯಲ್ಲಿ ಬೀದಿಯ ಹೆಂಗಸರೆಲ್ಲ ಸೇರಿ, ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದರು. ಕೈ ಬಿಡುವಿಲ್ಲದಿದ್ದರೂ ಬಾಯಿ ಬಿಡುವಾಗಿರುವ ಕೆಲಸ ಅದು. ಅಲ್ಲಿಂದ ಆಗಾಗ ನಗು ಕೇಳುತ್ತಿತ್ತು, ಒಮ್ಮೊಮ್ಮೆ ಮೂಗು ಸೀಟುವ ಸದ್ದು. ಹೆಂಗಸರ ಹರಟೆ ಎಂದುಕೊಂಡು ನಾನು ಮಹಾನಗರಿಯ ಕೊಳಾಯಿ ವ್ಯವಸ್ಥೆಯನ್ನು ನಿಶ್ಚಿಂತೆಯಿಂದ ಬರೆದು ಮುಗಿಸಿದೆ.

ಸಂಕ್ರಾಂತಿಯ ಹಿಂದಿನ ಸಂಜೆ ಚಾವಡಿ ತುಂಬಿತ್ತು. ಮಾವನವರು ಮದ್ದೂರಿನಿಂದ ರೈಲಿನಲ್ಲಿ ಬಂದು ಮುಂದೆಯೇ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ವಿದ್ಯುದ್ರಥದ ಚಕ್ರ, ಸರಳು, ತಿರುಪುಗಳನ್ನು ವರ್ಣಿಸಿದೆ. ನಿಲ್ಲಿಸಿದೆ. ಯಾರೂ ಹ್ಞೂಂ ಅನ್ನಲಿಲ್ಲ. ಕೊಳಾಯಿಗಳಿಗೆ ಬಂದೆ. ಹಿಂದಿನಿಂದ ಒಬ್ಬರು ಆಕಳಿಸಿದರು. ಮಾವನವರು ಶಾಲು ಸರಿಮಾಡಿಕೊಂಡರು. ಬೆಲ್ಲದ ಮಂಡಿಯ ನೊಣಗಳು ನನ್ನ ಕಣ್ಣ ಮುಂದೆ ಹಾರತೊಡಗಿದವು.

ಬೆವರುತ್ತಾ ಹಾಳೆಗಳನ್ನು ಮಗುಚಿ, ಸೊಸೆಯ ಭಾಗಕ್ಕೆ ಹಾರಿದೆ. "ಅಂದು ಭೂಮಿ ಕಪ್ಪಾಗಿತ್ತು..."

"ಹ್ಞೂಂ" ಎಂದರು ಹೆಂಗಸರೆಲ್ಲ ಒಟ್ಟಿಗೆ.

ನನ್ನ ಪ್ರಾಣ ಮರಳಿತು. "ಸೊಸೆ ಹೊಸಿಲ ಮೇಲೆ ನಿಂತು..."

"ತವರು ಯಾವ ಕಡೆ ಅಂತ ಹುಡುಕ್ತಾಳೆ" ಎಂದಿತು ಹಿಂದಿನಿಂದ ಒಂದು ದನಿ.

"ಅತ್ತೆ ಬಂದು..."

"ಗುಳಿಗೆ ನುಂಗು ಅಂತಾಳೆ. ಅವಳು ಉಗುಳ್ಬುಡ್ತಾಳೆ" ಎಂದಿತು ಇನ್ನೊಂದು.

ನಾನು ಓದುವುದನ್ನು ನಿಲ್ಲಿಸಿದೆ. ಆಗ ಮಂಚಮ್ಮ ಎದ್ದು ನಿಂತು ಹುಚ್ಚೀರಯ್ಯನವರಿಗೇ ನೇರವಾಗಿ ಹೇಳಿದರು.

"ಇದು ನಿಮ್ ಮಗಳ ಕಥೆ ಕಣಣ್ಣೋ. ಸುಗ್ಗಿ ಪೂರಾ ನಮ್ ಜಗಲೀಲಿ ಅವಳೇ ಏಳವ್ಳೆ. ಇವ್ರು ಎಲ್ಲೋ ಕದ್ದು ಕೇಳಿಸ್ಕಂಡು ಬರ್ಕಂಡವ್ರೆ. ಅದೂ ನೆಟ್ಟಗೆ ಬರ್ದಿಲ್ಲ, ಬೀಗ್ರೂಟದ ಜಗಳಾನೇ ಬುಟ್ಬುಟ್ಟವ್ರೆ."

ಚಾವಡಿಯ ಕಣ್ಣುಗಳೆಲ್ಲ ನನ್ನ ಮೇಲೆ ಬಿದ್ದವು. ನಾನು ಸಹಾಯಕ್ಕಾಗಿ ಹೆಂಡತಿಯ ಕಡೆ ನೋಡಿದೆ. ಅವಳು ಸೆರಗು ಎಳೆದುಕೊಂಡು, ನನ್ನ ಮಾನ ಉಳಿಸುವ ಪ್ರಾಮಾಣಿಕ ಆಸೆಯಿಂದ ಬಾಯಿ ತೆರೆದಳು.

"ಅಂಗನ್ಬೇಡಿ ಮಂಚಕ್ಕ. ಕೊಳಾಯಿ ಎಲ್ಲಾ ಅವ್ರದ್ದೇ."

"ನೀನೇ ಏಳು ಮಗಾ" ಎಂದರು ಮಾವನವರು.

ಅವಳು ಮೊದಲು ನಾಚಿದಳು. ಆಮೇಲೆ ಹೇಳಿದಳು. ಕೈಯಲ್ಲಿ ಕಾಗದವಿಲ್ಲ, ಕಥೆಯಲ್ಲಿ ಒಂದು ತಿರುಪಿಲ್ಲ. ಚಂದ್ರನ ಮೇಲೆ ಬೀಗರು ಎಲೆ ಬಿಟ್ಟು ಎದ್ದರು. ಸೊಸೆ ಮಡಿಲಲ್ಲಿ ಕದ್ದು ತಂದಿದ್ದ ರಾಗಿ ಹಿಟ್ಟಿಗೆ ಎಸರಿಟ್ಟಳು. ಮುದ್ದೆಯ ವಾಸನೆಗೆ ಅತ್ತೆಯೇ ಮೊದಲು ಬಂದು ಕೂತಳು, ಅವಳೂ ಒಂದು ಕಾಲಕ್ಕೆ ಕೆಳಗಿಂದ ಬಂದ ಸೊಸೆಯೇ ಅಲ್ಲವೇ. ಚಾವಡಿ ಹೂಂಗುಟ್ಟಿತು. ಮಾವನವರು ಕಣ್ಣೊರೆಸಿಕೊಂಡು ಹೂಂಗುಟ್ಟಿದರು. ಸುಳ್ಳೇಕೆ ಹೇಳಲಿ, ಮುಂದೇನಾಯಿತೆಂದು ತಿಳಿಯುವ ಆತುರದಲ್ಲಿ ನಾನೂ ಹೂಂಗುಟ್ಟಿದೆ. ಅವಳ ಬಗ್ಗೆ ಅಷ್ಟು ಹೆಮ್ಮೆ ನನಗೆ ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ, ಅಷ್ಟು ಸಿಟ್ಟೂ ಬಂದಿರಲಿಲ್ಲ.

ಕಥೆ ಮುಗಿದ ಮೇಲೆ ಮಾವನವರು ತೀರ್ಪು ಕೊಟ್ಟರು.

"ಮಾತು ಅಂದ್ರೆ ಮಾತು. ಊರು ಹೂಂಗುಟ್ತು. ಕಥೆ ಕಟ್ಟೋರನ್ನ ನಾನು ಮಂಡಿಗೆ ಕರಿಯಾಕಿಲ್ಲ. ನನ್ ಮಗಳು ಇಲ್ಲೇ ಇದ್ದು ಆರಾಮಾಗಿ ಕಥೆ ಕಟ್ಲಿ. ಅಳಿಮಯ್ಯ, ಹಬ್ಬ ಕಳುದ್ಮೇಲೆ ಬೆಳಗಿನ ರೈಲಿಗೆ ಒರಡನ."

ಹೊರಡುವ ಬೆಳಿಗ್ಗೆ ಚಿಕ್ಕನಂಜಮ್ಮ ಬುತ್ತಿ ಕಟ್ಟಿಕೊಟ್ಟು ಬಾಗಿಲ ತನಕ ಬಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಏನಾದರೂ ಪ್ರೀತಿಯ ಮಾತು ಆಡುತ್ತಾಳೆಂದು ನಿಂತೆ.

"ಅಲ್ಲಾ ಅಂದ್ರೆ, ಮಂಡೀಲಿ ಕುಂತು ಯಾರಿಗೂ ಮುಂದಿನ ಕಾಲದ ಇಸ್ಯ ಏಳ್ಬೇಡಿ" ಎಂದಳು. "ನಿಮ್ ಮಾತು ನಂಬ್ಕಂಡು ಅಪ್ಪ ಬೆಲ್ಲ ಮಾರ್ದೆ ಇಟ್ಕಂಡ್ಬುಟ್ಟಾನು."

ಆ ಎಚ್ಚರಿಕೆಯನ್ನು ಅವಳು ನನಗಲ್ಲ, ಮಾವನವರಿಗೆ ಹೇಳಬೇಕಿತ್ತು. ಬೆಲ್ಲದ ಬೆಲೆ ಮುಂದೆ ಏರುತ್ತದೆಯೇ ಎಂದು ಅವರೇ ಬಾಯಿಬಿಟ್ಟು ಕೇಳಿದರು, ನಾನು ಏರುತ್ತದೆ ಎಂದುಬಿಟ್ಟೆ. ಮಳೆಗಾಲ ಮುಗಿಯುವ ತನಕ ನಾವಿಬ್ಬರೂ ಕರಗಿದ ಬೆಲ್ಲವನ್ನು ಮಣ್ಣಿನ ಬಾನಿಗಳಿಗೆ ತುಂಬಿದೆವು.